ಗುಂಬಜದಿಂದ ರೋಜಾದವರೆಗೆ: ವಿಜಯಪುರದ ಹಳೇ ಊರನ್ನು ಒಂದು ದಿನ ನಡೆದು ನೋಡುವ ಸಮಗ್ರ ಮಾರ್ಗದರ್ಶಿ

ಮೈಸೂರಿನಲ್ಲಿರುವ ನಮ್ಮ ಸೋದರತ್ತೆಯ ಮಗ ಮೊದಲ ಸಲ ಹೆಂಡತಿ ಮಕ್ಕಳೊಂದಿಗೆ ವಿಜಯಪುರಕ್ಕೆ ಬಂದಾಗ ನಾನು ಊರಲ್ಲಿರಲಿಲ್ಲ. ಬಾದಾಮಿ, ಪಟ್ಟದಕಲ್ಲು ಮುಗಿಸಿಕೊಂಡು ಕಾರಿನಲ್ಲಿ ಬಂದವನು ಗೋಲಗುಂಬಜ ಹತ್ತಿ ಇಳಿದ, ಇಬ್ರಾಹಿಂ ರೋಜಾದ ಮುಂದೆ ಫೋಟೊ ತೆಗೆಸಿಕೊಂಡ, ಮೂರು ತಾಸಿನಲ್ಲಿ ಸೊಲ್ಲಾಪುರದ ಹಾದಿ ಹಿಡಿದ. ರಾತ್ರಿ ಫೋನ್ ಮಾಡಿ, "ಭಾವ, ನಿಮ್ಮೂರಲ್ಲಿ ಎರಡು ಗುಂಬಜ ಬಿಟ್ರೆ ಇನ್ನೇನಿದೆ?" ಅಂದ. ಅವನದು ತಪ್ಪಲ್ಲ, ಬರುವವರಲ್ಲಿ ಹೆಚ್ಚಿನವರು ನೋಡುವುದು ಹೀಗೇ. ಆದರೂ ನನಗೆ ಸಂಕಟವಾಯಿತು. ಮರುವರ್ಷ ಸಂಕ್ರಾಂತಿ ಮುಗಿದ ಮೇಲೆ ಕರೆಸಿಕೊಂಡು, ಕಾರು ಮನೆಯ ಮುಂದೆಯೇ ನಿಲ್ಲಲಿ ಎಂದು ಹೇಳಿ, ಮುಂಜಾನೆಯಿಂದ ಸಂಜೆತನಕ ಎಲ್ಲರನ್ನೂ ನಡೆಸಿದೆ. ಅವತ್ತು ನಡೆದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಮೇಲೂ ಎಷ್ಟೋ ನೆಂಟರನ್ನು ಇದೇ ದಾರಿಯಲ್ಲಿ ಕರೆದೊಯ್ದಿದ್ದೇನೆ.

ಗೋಲಗುಂಬಜ ಊರಿನ ಮೂಡಣ ತುದಿಯಲ್ಲಿದೆ. ಇಬ್ರಾಹಿಂ ರೋಜಾ ಎಂಬ ಗೋರಿ, ಮಸೀದಿಗಳ ಜೋಡಿ ಪಡುವಣ ಗೋಡೆಯ ಆಚೆಗಿದೆ. ಹಳೇ ಊರು ಇರುವುದು ಇವೆರಡರ ನಡುವೆ, ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯ ಒಳಗೆ. ಸುತ್ತಿ ಬಳಸಿ ನಡೆದರೂ ಒಟ್ಟು ಆರೇಳು ಕಿಲೋಮೀಟರ್ ಆದೀತು. ನಡುವೆ ಊಟ, ವಿಶ್ರಾಂತಿ ಎಲ್ಲ ಸೇರಿ ಒಂದು ಪೂರ್ತಿ ದಿನ ಬೇಕು.

ಇನ್ನೊಂದು ಮಾತು. ನಡೆಯುವಾಗ ಕಲ್ಲಿನ ಜೊತೆಗೆ ನೀರನ್ನೂ ಹುಡುಕುತ್ತ ಹೋಗಿ. ವಿಜಯಪುರದ ಮಗ್ಗುಲಲ್ಲಿ ನದಿ ಇಲ್ಲ. ಕೃಷ್ಣೆ ದಕ್ಷಿಣಕ್ಕೆ ದೂರ, ಭೀಮೆ ಉತ್ತರಕ್ಕೆ ದೂರ. ಮಳೆಯೂ ಕಡಿಮೆ. ಇಂಥ ಬರದ ನೆಲದಲ್ಲಿ ಆದಿಲ್ ಶಾಹಿ ಸುಲ್ತಾನರು ಸುಮಾರು ಇನ್ನೂರು ವರ್ಷ, 1686ರವರೆಗೆ, ರಾಜಧಾನಿಯೊಂದನ್ನು ಬಾಳಿಸಿದರು. ಊರ ಪಡುವಲಿನ ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. ಬೇಗಂ ತಲಾಬ ಎಂಬ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ತಂದರು. ಗುಮ್ಮಟ ಕಟ್ಟಿದ್ದಕ್ಕಿಂತ ಇದು ಸಣ್ಣ ಕೆಲಸವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ತಲೆಯಲ್ಲಿದ್ದರೆ ಬಿಡಿಬಿಡಿಯಾಗಿ ಕಾಣುವ ಕಟ್ಟಡಗಳು ಒಂದೇ ಊರಾಗಿ ಕೂಡಿಕೊಳ್ಳುತ್ತವೆ.

ಹೊರಡುವ ಮುಂಚೆ

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಈ ನಡಿಗೆ ಬೇಡ, ಮಕ್ಕಳು ಮುದುಕರಿದ್ದರಂತೂ ಬೇಡವೇ ಬೇಡ. ವಾರಗಳಲ್ಲಿ ಶುಕ್ರವಾರ ಬಿಡಿ. ಅಂದು ಗೋಲಗುಂಬಜದ ವಸ್ತುಸಂಗ್ರಹಾಲಯಕ್ಕೆ ರಜೆ, ಮಧ್ಯಾಹ್ನ ಜುಮ್ಮಾ ಮಸೀದಿಯಲ್ಲಿ ನಮಾಜಿನ ಜನಸಂದಣಿ. ಶನಿವಾರ, ಭಾನುವಾರ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಸೋಮವಾರದಿಂದ ಗುರುವಾರದೊಳಗೆ ಯಾವ ದಿನವಾದರೂ ಒಳ್ಳೆಯದು.

ರೈಲ್ವೆ ನಿಲ್ದಾಣ ಗೋಲಗುಂಬಜದ ಕಡೆಗಿದೆ, ಕೇಂದ್ರ ಬಸ್ ನಿಲ್ದಾಣ ಊರಿನ ಪಡುವಣ ಭಾಗದಲ್ಲಿ, ಅರಕಿಲ್ಲೆ ಎಂಬ ಒಳಕೋಟೆಯ ಹತ್ತಿರ. ಬಸ್ಸಿನಲ್ಲಿ ಬಂದವರು ಬೆಳಗ್ಗೆ ಆಟೊ ಹಿಡಿದು ನೇರ ಗುಂಬಜಕ್ಕೆ ಹೋಗಿ, ಅಲ್ಲಿಂದ ನಡೆಯುತ್ತ ಹಿಂದಕ್ಕೆ ಬರಬೇಕು. ಇಲ್ಲಿ ಟಾಂಗಾಗಳು ಇನ್ನೂ ಉಳಿದಿವೆ. ಮಕ್ಕಳಿದ್ದರೆ ಒಂದು ಕಡೆಗಾದರೂ ಹತ್ತಿಸಿ, ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ.

ಟಿಕೆಟ್ ಇರುವುದು ಗೋಲಗುಂಬಜ ಮತ್ತು ಇಬ್ರಾಹಿಂ ರೋಜಾಕ್ಕೆ. 15 ವರ್ಷದೊಳಗಿನ ಮಕ್ಕಳಿಗೆ ಎರಡೂ ಕಡೆ ಬೇಕಾಗಿಲ್ಲ. ಕಾಲಿಗೆ ಗಟ್ಟಿ ಚಪ್ಪಲಿ ಇರಲಿ, ಆದರೆ ಬಿಚ್ಚಿ ಹಾಕಲು ಸುಲಭವಾಗಿರಲಿ. ಮಸೀದಿ, ಗುಡಿಗಳ ಮುಂದೆ ಮತ್ತೆ ಮತ್ತೆ ಬಿಚ್ಚಬೇಕಾಗುತ್ತದೆ. ತಲೆಗೆ ಹೊದೆಯಲು ಒಂದು ಸೆರಗೋ ಟವೆಲ್ಲೋ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಸಣ್ಣ ಬ್ಯಾಟರಿ ಒಂದಿದ್ದರೆ ಮೆಟ್ಟಿಲ ಕತ್ತಲಲ್ಲಿ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 1: ಬೆಳಗಿನ 6ಕ್ಕೆ ಗೋಲಗುಂಬಜ

ಬಾಗಿಲು 6ಕ್ಕೆ ತೆರೆಯುತ್ತದೆ, ನೀವು ಆಗಲೇ ಅಲ್ಲಿರಬೇಕು. ಎಂಟೂವರೆ ಒಂಬತ್ತರ ನಂತರ ಗ್ಯಾಲರಿಯಲ್ಲಿ ಕೂಗಾಟ ಶುರುವಾದರೆ ಪಿಸುಮಾತು ಕೇಳಿಸುವ ಆಸೆ ಬಿಡಬೇಕಾಗುತ್ತದೆ.

ಇದು ಮೊಹಮ್ಮದ್ ಆದಿಲ್ ಶಾಹನ (1627–1656) ಗೋರಿ. ಒಳಗೆ ಹೋಗುವ ಮುನ್ನ ದಕ್ಷಿಣ ಬಾಗಿಲ ಮೇಲಿನ ಫಾರ್ಸಿ ಬರಹ ನೋಡಿ. ಅದರಲ್ಲಿ ಮೂರು ವಾಕ್ಯಗಳಿವೆ. ಒಂದೊಂದರ ಅಕ್ಷರಗಳ ಬೆಲೆ ಕೂಡಿಸಿದರೂ ಹಿಜರಿ 1067 ಬರುತ್ತದೆ, ಸುಲ್ತಾನ ತೀರಿಕೊಂಡ ವರ್ಷ. ಒಳಗೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ನೆಲಮಾಳಿಗೆಯಲ್ಲಿವೆ. ಸುಲ್ತಾನನ ಜೊತೆ ಅವನ ಹೆಂಡಂದಿರು, ಮಗಳು, ಮೊಮ್ಮಗ, ಅವನು ಮೆಚ್ಚಿದ ನರ್ತಕಿ ರಂಭಾ ಎಲ್ಲರೂ ಅಲ್ಲೇ ಮಲಗಿದ್ದಾರೆ.

ಈಗ ನಡುಮಧ್ಯೆ ನಿಂತು ತಲೆ ಎತ್ತಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಕೆಳಗೆ ಒಂದೂ ಕಂಬವಿಲ್ಲ. ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಹೇಗೆ ಕೂತಿತು ಅನ್ನುವುದಕ್ಕೆ ಉತ್ತರ ಮೂಲೆಗಳಲ್ಲಿದೆ. ಗೋಡೆಗಳಿಂದ ಎದ್ದ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗಿ, ಮೇಲೆ ಎಂಟು ಮೂಲೆಯ ನಕ್ಷತ್ರದಂತೆ ಕೂಡಿಕೊಂಡಿವೆ. ಆ ನಕ್ಷತ್ರದ ನಡುವಿನ ಜಾಗವೇ ಗುಮ್ಮಟದ ಪೀಠ. ಗುಮ್ಮಟ ಹೊರಕ್ಕೆ ತಳ್ಳುವ ಒತ್ತಡವನ್ನು ಒಳಕ್ಕೆ ಚಾಚಿದ ಈ ಕಟ್ಟಡದ ಭಾರವೇ ತಡೆದು ಹಿಡಿದಿದೆ. ನಾನು ಮಕ್ಕಳಿಗೆ ಇದನ್ನು ಕರವಸ್ತ್ರ ಹಿಡಿದು ತೋರಿಸುತ್ತೇನೆ. ನಾಲ್ಕು ಜನ ನಾಲ್ಕು ಮೂಲೆ ಎಳೆದು ಹಿಡಿದರೆ ನಡುವೆ ಇಟ್ಟ ಚೆಂಡು ಬೀಳುವುದಿಲ್ಲ. ಪೂರ್ತಿ ಹೋಲಿಕೆಯಲ್ಲ, ಆದರೆ ಮಕ್ಕಳ ಕಣ್ಣು ಅಲ್ಲಿಂದಾಚೆ ಮೂಲೆಗಳ ಕಡೆಗೇ ಹೋಗುತ್ತದೆ.

ಮೂಲೆಗೊಂದರಂತೆ ಏಳಂತಸ್ತಿನ ಮಿನಾರುಗಳಿವೆ, ಮೆಟ್ಟಿಲು ಇರುವುದು ಅವುಗಳ ಒಳಗೆ. ನೂರಕ್ಕೂ ಹೆಚ್ಚು ಮೆಟ್ಟಿಲು, ಕಡಿದು, ಇಕ್ಕಟ್ಟು. ಮಂಡಿನೋವಿನವರು ಒಂದೊಂದು ಅಂತಸ್ತಿಗೂ ಕಿಂಡಿಯ ಹತ್ತಿರ ನಿಂತು ಗಾಳಿ ತಗೊಳ್ಳಿ, ಅವಸರವೇನಿಲ್ಲ.

ಮೇಲಿನ ಗ್ಯಾಲರಿಗೆ ಬಂದ ಮೇಲೆ ಮೊದಲ ಐದು ನಿಮಿಷ ಯಾರೂ ಮಾತಾಡಬೇಡಿ. ಸುಮ್ಮನೆ ಕೂತರೆ ಪಾರಿವಾಳದ ರೆಕ್ಕೆ ಬಡಿತ ಕೂಡ ಸುತ್ತು ಹಾಕಿ ಬರುವುದು ಕೇಳುತ್ತದೆ. ಆಮೇಲೆ ಒಬ್ಬರು ಇಲ್ಲಿ, ಒಬ್ಬರು ಎದುರು ದಂಡೆಯಲ್ಲಿ ಕೂತುಕೊಳ್ಳಿ. ನಡುವೆ ಸುಮಾರು 38 ಮೀಟರ್ ಅಂತರ. ಹೆಚ್ಚಿನವರು ನಡುವಿನ ಬಯಲಿನತ್ತ ಮುಖ ಮಾಡಿ ಕೂಗುತ್ತಾರೆ, ಅದರಿಂದ ಗದ್ದಲವಾಗುತ್ತದೆ ಅಷ್ಟೆ. ನೀವು ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿ, ಎದುರಿನವರು ಗೋಡೆಗೆ ಕಿವಿ ಹಚ್ಚಲಿ. ದನಿ ಬಾಗಿದ ಗೋಡೆಯನ್ನು ಸವರಿಕೊಂಡೇ ಹೋಗುವುದರಿಂದ ಅಷ್ಟು ದೂರದ ಮಾತು ಕಿವಿಯಲ್ಲೇ ಹೇಳಿದಂತೆ ಕೇಳುತ್ತದೆ. ಒಂದು ಚಪ್ಪಾಳೆ ತಟ್ಟಿ ಎಣಿಸಿದರೆ ಏಳು ಸಲವಾದರೂ ಮರುದನಿ ಸಿಗುತ್ತದೆ. ನಮ್ಮ ಅತ್ತಿಗೆ ಅವತ್ತು ಗಂಡನಿಗೆ ಏನು ಪಿಸುಗುಟ್ಟಿದರೋ ಗೊತ್ತಿಲ್ಲ, ಅವನು ಎದ್ದು ಸುತ್ತು ಹಾಕಿ ಬಂದು ಪಕ್ಕದಲ್ಲಿ ಕೂತ.

ಇಳಿಯುವ ಮುನ್ನ ಹೊರಗಿನ ತಾರಸಿಗೆ ಹೋಗಿ, ಇಡೀ ದಿನದ ನಕ್ಷೆ ಅಲ್ಲೇ ಸಿಗುತ್ತದೆ. ದಕ್ಷಿಣಕ್ಕೆ ಮನೆಗಳ ನಡುವೆ ಎದ್ದು ಕಾಣುವ ಗುಮ್ಮಟ ಜುಮ್ಮಾ ಮಸೀದಿಯದು. ಪಡುವಲಕ್ಕೆ ದೂರದಲ್ಲಿ ತೆಳ್ಳಗೆ ನಿಂತ ಮಿನಾರುಗಳು ಇಬ್ರಾಹಿಂ ರೋಜಾದವು. ಅವುಗಳ ಈಚೆಗೆ ಒಂಟಿಯಾಗಿ ನಿಂತ ದುಂಡು ಬುರುಜು ಉಪಲಿ ಬುರುಜು. ಸಂಜೆ ನೀವು ನಿಂತಿರಬೇಕಾದ ಜಾಗವನ್ನು ಮುಂಜಾನೆಯೇ ಬೆರಳು ಮಾಡಿ ತೋರಿಸಿದರೆ ನಡೆಯಲು ಮಕ್ಕಳಿಗೂ ಹುರುಪು ಬರುತ್ತದೆ.

ಮುಂದಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯವಿದೆ. ಆ ಹೊತ್ತಿಗೆ ತೆರೆದಿರುವುದಿಲ್ಲ, ಎರಡನೇ ದಿನಕ್ಕಿಡಿ.

ಹೆಜ್ಜೆ 2: ಜುಮ್ಮಾ ಮಸೀದಿ, ಅಲ್ಲಿಂದ ಮೆಹತರ್ ಮಹಲ್

ಗುಂಬಜದಿಂದ ದಕ್ಷಿಣಕ್ಕೆ ಓಣಿಗಳೊಳಗಿಂದ ಸುಮಾರು ಒಂದು ಕಿಲೋಮೀಟರ್. ದಾರಿಯಲ್ಲಿ ಎಲ್ಲಾದರೂ ಚಹಾ, ಅವಲಕ್ಕಿ ಸೂಸಲ ಮಾಡಿಕೊಳ್ಳಿ. ಈ ಓಣಿಗಳಲ್ಲಿ ಕನ್ನಡ, ದಖನಿ ಉರ್ದು ಒಂದೇ ಬಾಯಲ್ಲಿ ಬರುತ್ತವೆ. ಕನ್ನಡದಲ್ಲಿ ದಾರಿ ಕೇಳಿದರೆ "ಸೀದಾ ಹೋಗ್ರಿ, ಮುಂದ ಬಲಕ್ಕ ಹೊಳ್ರಿ" ಎಂದು ಹೇಳಿ, ಅರ್ಧ ದಾರಿ ಜೊತೆಗೇ ಬರುವವರೂ ಇದ್ದಾರೆ.

1565ರಲ್ಲಿ ರಕ್ಕಸಗಿ ತಂಗಡಗಿಯ ಬಳಿ ನಡೆದ, ನಾವು ತಾಳಿಕೋಟೆ ಯುದ್ಧ ಎಂದು ಓದಿದ ಕಾಳಗದ ನಂತರ ಒಂದನೇ ಅಲಿ ಆದಿಲ್ ಶಾಹ ಈ ಮಸೀದಿಯನ್ನು ಕಟ್ಟಿಸತೊಡಗಿದ. ಪೂರ್ತಿಯಾಗಲೇ ಇಲ್ಲ, ಎರಡು ಮಿನಾರು ಏಳದೇ ಉಳಿದವು. ಆದರೂ ಈ ಊರಿನಲ್ಲಿ ಅತ್ಯಂತ ಶಾಂತವಾದ ಜಾಗ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಬಿಳಿಯ ಕಮಾನುಗಳು ಸಾಲು ಸಾಲಾಗಿ ಒಂದರ ಹಿಂದೊಂದು ಹೋಗುತ್ತವೆ, ನೆಲದ ಮೇಲೆ ಒಬ್ಬೊಬ್ಬರ ನಮಾಜಿಗೂ ಗೆರೆ ಎಳೆದು ಗುರುತಿಸಿದ ಚೌಕಗಳಿವೆ. ಅವು 2,250 ಎನ್ನುತ್ತಾರೆ, ಔರಂಗಜೇಬ ಊರನ್ನು ಗೆದ್ದ ಮೇಲೆ ಮಾಡಿಸಿದ್ದು. ಪಡುವಣ ಗೋಡೆಯಲ್ಲಿ ನಮಾಜಿನ ದಿಕ್ಕು ತೋರುವ ಗೂಡು, ಅಂದರೆ ಮಿಹರಾಬು, 1636ರಲ್ಲಿ ಮೊಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಚಿನ್ನದ ಬಣ್ಣ, ಬರಹ, ಹೂದಾನಿ, ಪುಸ್ತಕದ ಗೂಡುಗಳ ಚಿತ್ರಗಳಿಂದ ತುಂಬಿತು. ಒಳಗೆ ಹೋಗುವಾಗ ತಲೆ ಮುಚ್ಚಿಕೊಳ್ಳಿ, ನಮಾಜು ನಡೆದಿದ್ದರೆ ಅಂಗಳದ ನೀರಿನ ಹೌಜಿನ ಬಳಿ ಕಾಯಿರಿ, ಫೋಟೊಗೆ ಮೊದಲು ಅಲ್ಲಿರುವ ಹಿರಿಯರನ್ನು ಕೇಳಿ.

ಮಸೀದಿಯಿಂದ ಪಡುವಲಕ್ಕೆ ಅರಕಿಲ್ಲೆಯ ಕಡೆ ನಡೆದರೆ ದಾರಿಯಲ್ಲಿ ಮೆಹತರ್ ಮಹಲ್ ಸಿಗುತ್ತದೆ. ಹೆಸರಿಗೆ ಮಹಲು, ನಿಜಕ್ಕೆ ಒಳಗಿನ ಸಣ್ಣ ಮಸೀದಿಗೆ ಕಟ್ಟಿದ ಬಾಗಿಲು. ಸುಮಾರು 1620ರದ್ದು. ಆಟೊದಲ್ಲಿ ಹೋಗುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ನೀವು ರಸ್ತೆಯ ಆಚೆ ಬದಿಗೆ ನಿಂತು ಮೇಲಿನ ಮಾಡದ ಕೆಳಗೆ ನೋಡಿ. ಮುಂದೆ ಚಾಚಿದ ಮಾಡವನ್ನು ಹೊತ್ತ ಓರೆಗಂಬಗಳು ಕಲ್ಲಿನವು ಅಂದರೆ ನಂಬುವುದು ಕಷ್ಟ. ಬಡಗಿ ಸಾಗವಾನಿಯಲ್ಲಿ ಉಳಿ ಆಡಿಸಿದ ಹಾಗೆ ತೆಳ್ಳಗೆ ಕೊರೆದಿದ್ದಾರೆ, ಒಂದೊಂದರ ಮೈಮೇಲೂ ಹಂಸಗಳ ಸಾಲು, ಬಳ್ಳಿ, ಸಿಂಹದ ಮುಖ. ಗುಡಿ ಕಟ್ಟುವ ಕೈಗಳೇ ಇಲ್ಲೂ ಕೆಲಸ ಮಾಡಿವೆ ಎಂದು ಬಾದಾಮಿ, ಐಹೊಳೆ ನೋಡಿ ಬಂದವರಿಗೆ ಹೇಳಬೇಕಾಗಿಲ್ಲ. ಗೋಲಗುಂಬಜ ಗಾತ್ರದಿಂದ ದಂಗುಬಡಿಸಿದರೆ, ಕಲ್ಲಿನ ಕೈಚಳಕಕ್ಕೆ ನಾನು ಜನರನ್ನು ಇಲ್ಲಿ ನಿಲ್ಲಿಸುತ್ತೇನೆ. ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ಬಿಡಬೇಡಿ.

ಹೆಜ್ಜೆ 3: ಅಸಾರ್ ಮಹಲ್, ಅರಕಿಲ್ಲೆ

ಮುಂದೆ ನಡೆದರೆ ಒಮ್ಮೆಗೇ ನೀರು ಕಾಣುತ್ತದೆ. ಅಸಾರ್ ಮಹಲಿನ ಮುಂದಿನ ದೊಡ್ಡ ಕೊಳ ಅದು. ಸುಮಾರು 1646ರಲ್ಲಿ ನ್ಯಾಯದ ಕಚೇರಿಯಾಗಿ ಕಟ್ಟಿದ ಮಹಲು, ಆಮೇಲೆ ಪ್ರವಾದಿಯವರ ಕೂದಲು ಎಂದು ನಂಬಿ ಪೂಜ್ಯವಾಗಿ ಕಾಪಾಡಿದ ಅವಶೇಷದ ಮನೆಯಾಯಿತು. ಎತ್ತರದ ಮರದ ಕಂಬಗಳ ಮುಂಗಟ್ಟು ಕೊಳದಲ್ಲಿ ತಲೆಕೆಳಗಾಗಿ ಕಾಣುತ್ತದೆ. ಒಳಕೋಣೆಗೆ ಹೆಂಗಸರನ್ನು ಬಿಡುವುದಿಲ್ಲ, ಆದ್ದರಿಂದ ನಾವು ಎಲ್ಲರೂ ಕೊಳದ ದಂಡೆಯಲ್ಲೇ ಕೂತು ನೋಡಿದೆವು.

ಇಲ್ಲಿಂದ ಪಡುವಲಕ್ಕೆ ಅರಕಿಲ್ಲೆ, ಕೋಟೆಯೊಳಗಿನ ಕೋಟೆ. ಸುತ್ತ ಇದ್ದ ಕಂದಕದ ಗುರುತುಗಳನ್ನು ಗಮನಿಸಿ. ಒಂದು ಕಾಲಕ್ಕೆ ಅಸಾರ್ ಮಹಲಿನಿಂದ ಒಳಗೆ ಹೋಗಲು ಕಂದಕದ ಮೇಲೆ ಸೇತುವೆಯೇ ಇತ್ತು. ಈಗ ಹಳೆಯ ಅರಮನೆಗಳ ನಡುವೆಯೇ ಸರ್ಕಾರಿ ಕಚೇರಿಗಳು, ಉದ್ಯಾನ, ವಾಹನಗಳ ಓಡಾಟ ಎಲ್ಲ ನಡೆದಿವೆ.

ಒಳಗೆ ಮೂರು ಜಾಗ ನೋಡಿ. ಮೊದಲನೆಯದು ಗಗನ ಮಹಲ್, 1561ರದ್ದು. ನಡುವಿನ ಕಮಾನಿನ ಅಗಲ 60 ಅಡಿಗೂ ಮಿಗಿಲು. ಸುಲ್ತಾನ ದರ್ಬಾರು ನಡೆಸುತ್ತಿದ್ದುದು ಇದರಡಿ, ಜನ ನಿಲ್ಲುತ್ತಿದ್ದುದು ಮುಂದಿನ ಬಯಲಿನಲ್ಲಿ. ಮೇಲಂತಸ್ತಿನ ಕೆತ್ತಿದ ಮರವೆಲ್ಲ ಹೋಗಿದೆ, ಕಮಾನು ಮಾತ್ರ ಆಕಾಶ ಹಿಡಿದುಕೊಂಡು ನಿಂತಿದೆ. 1686ರಲ್ಲಿ ಊರು ಸೋತಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸಂಕೋಲೆ ತೊಡಿಸಿ ಔರಂಗಜೇಬನ ಮುಂದೆ ಇಲ್ಲೇ ನಿಲ್ಲಿಸಿದರು ಎಂದು ಊರಿನ ಹಿರಿಯರು ಹೇಳುತ್ತಾರೆ.

ಎರಡನೆಯದು ಸಾತ್ ಮಂಜಿಲ್. ಏಳಂತಸ್ತಿನ ಅರಮನೆ, ಮೇಲಿನವು ಬಿದ್ದಿವೆ. ಇದರ ಗೋಡೆಗಳನ್ನು ತೀರ ಹತ್ತಿರ ಹೋಗಿ ನೋಡಿ. ಗಾರೆಯೊಳಗೆ ಹುದುಗಿದ ಮಣ್ಣಿನ ಕೊಳವೆಗಳು, ಸಣ್ಣ ತೊಟ್ಟಿಗಳ ಗುರುತುಗಳು ಕಾಣುತ್ತವೆ. ಮೇಲಂತಸ್ತುಗಳಿಗೂ ನೀರು ಹೋಗುತ್ತಿತ್ತು. ಎದುರಿಗೇ ಜಲ ಮಂಜಿಲ್, ಚೆಂದದ ಪುಟ್ಟ ಮಂಟಪ. ಹಿಂದೆ ಅದರ ಸುತ್ತ ನೀರು ನಿಲ್ಲುತ್ತಿತ್ತು.

ಇಷ್ಟು ಎತ್ತರಕ್ಕೆ ನೀರು ಹೋಗಬೇಕಾದರೆ ಒತ್ತಡ ಕಾಪಾಡಬೇಕು, ಹಾಗೆಂದು ಒತ್ತಡ ಹೆಚ್ಚಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೆ ಕೊಳವೆಯ ದಾರಿಯುದ್ದಕ್ಕೂ ಚೌಕನೆಯ ಗೋಪುರಗಳನ್ನು ಕಟ್ಟಿದರು, ಅವಕ್ಕೆ ಗಂಜ್ ಎನ್ನುತ್ತಾರೆ. ನೀರು ಅದರೊಳಗೆ ಏರಿ ಒತ್ತಡ ಇಳಿಸಿಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದೆ ಹೋಗುತ್ತಿತ್ತು. ಊರೊಳಗೆ ಅಲ್ಲಲ್ಲಿ ಕಿಟಕಿ ಬಾಗಿಲಿಲ್ಲದ ಇಂಥ ಕಲ್ಲಿನ ಗೋಪುರ ಕಂಡರೆ ಅದು ಹಾಳುಬಿದ್ದ ಮನೆಯಲ್ಲ, ಹಳೇ ನೀರಿನ ಟಾಕಿ ಎಂದು ತಿಳಿಯಿರಿ. ನಮ್ಮ ಹುಡುಗರು ಅವತ್ತು ಇದನ್ನೇ ಪಂದ್ಯ ಮಾಡಿಕೊಂಡು ಎಣಿಸುತ್ತ ನಡೆದರು.

ಮೂರನೆಯದು ಕರೀಮುದ್ದೀನ್ ಮಸೀದಿ, 1320ರದ್ದು. ಆದಿಲ್ ಶಾಹಿಗಳಿಗಿಂತ ಎಷ್ಟೋ ಹಿಂದಿನದು. ಒಳಗೆ ಗುಡಿಯ ಕಂಬಗಳೇ ಇವೆ. ಕಟ್ಟಿದವನು ಸಾಲೋಟಗಿಯ ರೇವಯ್ಯ ಎಂದು ಶಾಸನ ಹೇಳುತ್ತದೆ. ಸಾಲೋಟಗಿ ನಮ್ಮ ಜಿಲ್ಲೆಯ ಇಂಡಿ ಪಟ್ಟಣದ ಪಕ್ಕದ ಊರು. ಏಳುನೂರು ವರ್ಷದ ಹಿಂದಿನ ಕುಶಲಕರ್ಮಿಯೊಬ್ಬನ ಹೆಸರು, ಊರು ಎರಡೂ ಸಿಗುವುದು ಅಪರೂಪ. ನನಗೆ ಸುಲ್ತಾನರ ಹೆಸರುಗಳಿಗಿಂತ ಈ ಹೆಸರು ಹತ್ತಿರದ್ದು.

ಹೆಜ್ಜೆ 4: ಊಟದ ಹೊತ್ತು, ಪೇಟೆ, ಸಿದ್ಧೇಶ್ವರ ಗುಡಿ

ಹನ್ನೆರಡರಿಂದ ಮೂರೂವರೆವರೆಗೆ ಬಿಸಿಲಲ್ಲಿ ತಿರುಗಬೇಡಿ. ಗಾಂಧಿ ಚೌಕದ ಕಡೆ ಬನ್ನಿ. ಸುತ್ತಲಿನ ಖಾನಾವಳಿಗಳಲ್ಲಿ ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ನನ್ನದು ಒಂದೇ ನಿಯಮ: ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕು.

ಕೇಳಿಸಿದರೆ ಒಳಗೆ ಹೋಗಿ, ಅಪ್ಪಣೆ ಕೇಳಿ ಒಲೆಯ ಹತ್ತಿರ ಒಂದು ನಿಮಿಷ ನಿಲ್ಲಿ. ಬಿಸಿನೀರು ಹೊಯ್ದು ನಾದಿದ ಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಬಡಿಯುತ್ತ, ಬಡಿಯುತ್ತಲೇ ತಿರುಗಿಸುತ್ತ, ತಟ್ಟೆಯಗಲ ಮಾಡುತ್ತಾರೆ. ಎತ್ತಿ ಹಂಚಿಗೆ ಹಾಕಿದ ಕೂಡಲೇ ಹಸಿ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ನೀರು ಆರಿದಾಗ ಮಗುಚಿ, ಆಮೇಲೆ ಕೆಂಡದ ಮಗ್ಗುಲಿಗೆ ಒರಗಿಸಿದರೆ ರೊಟ್ಟಿ ಪುರಿಯಂತೆ ಉಬ್ಬುತ್ತದೆ. ನಾವು ಹೋದ ಕಡೆ ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆಯೇ ಕೇಳಿದರು: "ಬಿಸಿ ರೊಟ್ಟಿ ಉಣ್ತೀರೋ, ಖಡಕ್ ರೊಟ್ಟಿ ಉಣ್ತೀರೋ?" ಎರಡೂ ಅಂದೆವು. ಜೊತೆಗೆ ಎಣ್ಣಿಗಾಯಿ, ಮಡಿಕಿ ಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆ ಸೊಪ್ಪು. ಖಾರ ತಡೆಯದವರು ಹಿಂಡಿಗೆ ಮೊಸರು ಕಲಸಿಕೊಳ್ಳಲಿ. "ನಡದ್ ಬಂದೀರಿ, ಇನ್ನೊಂದ್ ಹಾಕ್ಸಿಕೊಳ್ರಿ" ಅಂದರೆ ಬೇಡವೆನ್ನಬೇಡಿ.

ಉಂಡ ಮೇಲೆ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಕೆಟ್ಟಿನಲ್ಲಿ ಒಂದು ಸುತ್ತು. ಜಿಲ್ಲೆಯ ದ್ರಾಕ್ಷಿ ಹೆಸರುವಾಸಿ, ಊರಿಗೆ ಒಯ್ಯಲು ಒಣದ್ರಾಕ್ಷಿ ಸರಿ. ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಬೇಕು, ಹುಳಿ ವಾಸನೆ ಇರಬಾರದು. ಇಂಡಿಯ ಲಿಂಬೆಯೂ ಸಿಗುತ್ತದೆ, ಅದಕ್ಕೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು.

ಅಲ್ಲಿಂದ ಸಿದ್ಧೇಶ್ವರ ಗುಡಿ ಹತ್ತಿರ. ಊರಿನವರಿಗೆ ಊರಿನ ಹೃದಯ ಇದು. ಸಂಕ್ರಾಂತಿಯ ಜಾತ್ರೆಗೆ ಬಂದರೆ ಈ ನಡಿಗೆಯ ಲೆಕ್ಕವನ್ನೆಲ್ಲ ಬದಿಗಿಡಿ, ಬೀದಿಗಳು ತುಂಬಿರುತ್ತವೆ. ಸಿಂಗರಿಸಿದ ಉದ್ದನೆಯ ನಂದಿಕೋಲುಗಳನ್ನು ಎತ್ತಿಕೊಂಡು ಹೋಗುವಾಗ ಹೊತ್ತವನ ಕತ್ತಿನ ನರ ಬಿಗಿಯುವುದನ್ನೂ, ಸುತ್ತಲಿನವರು ಆಸರೆಗೆ ಕೈ ಚಾಚಿಕೊಂಡೇ ನಡೆಯುವುದನ್ನೂ ಹತ್ತಿರದಿಂದ ನೋಡಬೇಕು. ಜಾತ್ರೆಯ ದಿನಗಳಲ್ಲಿ ವಸತಿ ಸಿಗುವುದು ಕಷ್ಟ, ಮೊದಲೇ ಗೊತ್ತು ಮಾಡಿಕೊಳ್ಳಿ.

ಹೆಜ್ಜೆ 5: ಬಾರಾ ಕಮಾನ್

ಮೂರೂವರೆಗೆ ಹೊರಡಿ. ಗಾಂಧಿ ಚೌಕದಿಂದ ನಡೆದೇ ಹೋಗಬಹುದು. ಇಮ್ಮಡಿ ಅಲಿ ಆದಿಲ್ ಶಾಹನ (1656–1672) ಅರೆಬರೆ ಉಳಿದ ಗೋರಿ. ಗೋಲಗುಂಬಜದಲ್ಲಿ ಮಲಗಿದವನ ಮಗ ಅಪ್ಪನನ್ನು ಮೀರಿಸಲು ಹೊರಟ, ಆಗಲಿಲ್ಲ. ಛಾವಣಿಯಿಲ್ಲದ ಕಪ್ಪು ಕಮಾನುಗಳ ನಡುವೆ ಗಿಳಿ, ಹಸಿರು ಹುಲ್ಲು. ಗೋಲಗುಂಬಜ ಮುಗಿದ ಕಟ್ಟಡ, ಅದು ಹೇಗೆ ಎದ್ದಿತು ಅನ್ನುವುದು ಗಾರೆಯಡಿ ಮುಚ್ಚಿಹೋಗಿದೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಕೂತ ರೀತಿ ಬೆತ್ತಲೆಯಾಗಿ ಕಾಣುತ್ತದೆ, ಕೈಯಿಂದ ಸವರಿ ನೋಡಬಹುದು. ಅರ್ಧ ತಾಸು ಕೊಡಿ. ಕಲ್ಲಿನ ಮೇಲೆ ಹತ್ತಬೇಡಿ, ಹೆಸರು ಕೊರೆಯಬೇಡಿ. ಕೊರೆದವರ ಹೆಸರುಗಳನ್ನು ಅಲ್ಲಿ ಓದುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಹೆಜ್ಜೆ 6: ಉಪಲಿ ಬುರುಜು, ಮಲಿಕ್-ಎ-ಮೈದಾನ್

ಪಡುವಲಕ್ಕೆ ಹತ್ತು ಹದಿನೈದು ನಿಮಿಷದ ದಾರಿ. ಉಪಲಿ ಬುರುಜನ್ನು 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ. ಸುಮಾರು 80 ಅಡಿ ಎತ್ತರ, ಮೆಟ್ಟಿಲು ಹೊರಮೈಗೆ ಸುತ್ತಿಕೊಂಡಿವೆ, ಹಿಡಿಕೆ ನಂಬಬೇಡಿ, ಗೋಡೆಯ ಬದಿಗೇ ನಡೆಯಿರಿ. ಮೇಲೆ ಉದ್ದುದ್ದ ತೋಪುಗಳಿವೆ, ಒಂದು 30 ಅಡಿಗೂ ಹೆಚ್ಚು. ಮೂಡಣಕ್ಕೆ ತಿರುಗಿದರೆ ಬೆಳಗ್ಗೆ ನೀವು ನಿಂತ ಗುಂಬಜ ಕಾಣುತ್ತದೆ.

ಅಲ್ಲಿಂದ ಕೋಟೆಗೋಡೆಯ ಶೇರ್ಜಾ ಬುರುಜಿಗೆ ನಡೆಯಿರಿ. ಮಲಿಕ್-ಎ-ಮೈದಾನ್ ತೋಪು ಇರುವುದು ಅಲ್ಲಿ. 1549ರಲ್ಲಿ ಅಹ್ಮದನಗರದಲ್ಲಿ ಮೊಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ, 14 ಅಡಿ ಉದ್ದ, ಗಂಟೆಗೆ ಬಳಸುವಂಥ ಕಂಚು. ಬಾಯಿಯ ಕಡೆ ಬಂದು ಬಗ್ಗಿ ನೋಡಿ. ತೆರೆದ ಬಾಯಿ ಸಿಂಹದ್ದು, ಅದರ ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಒಳಗೆಲ್ಲೋ ಗಂಟೆಯ ಗುಂಯ್ ಏಳುತ್ತದೆ. ಬ್ರಿಟಿಷರ ಕಾಲಕ್ಕೆ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ. ಪುಣ್ಯಕ್ಕೆ ಮಾರಾಟ ರದ್ದಾಯಿತು. ಬತ್ತಿಗೆ ಬೆಂಕಿ ಮುಟ್ಟಿಸಿದವನು ಸಪ್ಪಳದಿಂದ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಧುಮುಕುತ್ತಿದ್ದ ಎಂದು ಊರವರು ಕಥೆ ಹೇಳುತ್ತಾರೆ.

ಹೆಜ್ಜೆ 7: ತಾಜ್ ಬಾವಡಿ

ಮಕ್ಕಾ ದರವಾಜೆಯ ಹತ್ತಿರ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ಬಾವಿ. ಬಾವಿ ಅಂದರೆ ಮನಸ್ಸಿಗೆ ಬರುವ ಅಳತೆ ಬಿಟ್ಟುಬಿಡಿ. ಸುಮಾರು 35 ಅಡಿ ಅಗಲದ ಕಮಾನಿನಡಿ ಮೆಟ್ಟಿಲಿಳಿದು ಹೋದರೆ ಅರಮನೆಯಂಗಳದಷ್ಟು ಚೌಕದ ನೀರು. ಸುತ್ತ ದಾರಿಹೋಕರು ತಂಗುತ್ತಿದ್ದ ಕೋಣೆಗಳ ಗುರುತುಗಳಿವೆ. ಬಹಳ ವರ್ಷ ಕಸ ತುಂಬಿಕೊಂಡಿತ್ತು. ಹೂಳೆತ್ತಿ ಸ್ವಚ್ಛ ಮಾಡಿದ ಮೇಲೆ ಮೊದಲ ಸಲ ಹೋದಾಗ ಕಮಾನಿನ ನೆರಳು ನೀರಿನ ಮೇಲೆ ಇಡಿಯಾಗಿ ಬಿದ್ದಿದ್ದು ನೋಡಿ ನನ್ನ ಗಂಟಲು ಕಟ್ಟಿತು. ಹುಡುಗನಾಗಿದ್ದಾಗ ಅದೇ ಮೆಟ್ಟಿಲ ಮೇಲೆ ಮೂಗು ಮುಚ್ಚಿಕೊಂಡು ನಿಂತಿದ್ದೆ. ದಯವಿಟ್ಟು ಒಂದು ಖಾಲಿ ಬಾಟಲಿಯನ್ನೂ ಅಲ್ಲಿ ಬಿಡಬೇಡಿ.

ಹೆಜ್ಜೆ 8: ಇಳಿಬಿಸಿಲಿಗೆ ಇಬ್ರಾಹಿಂ ರೋಜಾ

ಐದರೊಳಗೆ ತಲುಪಿ, ಆರಕ್ಕೆ ಬಾಗಿಲು ಮುಚ್ಚುತ್ತದೆ. ಕಾಲು ಸೋತಿದ್ದರೆ ಈ ಒಂದು ಕಿಲೋಮೀಟರಿಗೆ ಆಟೊ ಹಿಡಿಯಿರಿ.

ಎತ್ತರದ ಒಂದೇ ಜಗತಿಯ ಮೇಲೆ ಮೂಡಣಕ್ಕೆ ಗೋರಿ, ಪಡುವಣಕ್ಕೆ ಮಸೀದಿ ಎದುರುಬದುರಾಗಿವೆ, ನಡುವೆ ಕಾರಂಜಿಯ ಕೊಳ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ (1580–1627) ಮತ್ತು ತಾಜ್ ಸುಲ್ತಾನ ಇಲ್ಲಿದ್ದಾರೆ. ಕಟ್ಟಿದವನು ಮಲಿಕ್ ಸಂದಲ್. ಸಂಗೀತದ ಹುಚ್ಚಿದ್ದ ಈ ಸುಲ್ತಾನ ದಖನಿಯಲ್ಲಿ ಹಾಡುಗಳನ್ನು ಬರೆದ, ಅವುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ. ಜನ ಅವನನ್ನು ಜಗದ್ಗುರು ಎಂದು ಕರೆದರು.

ಗೋರಿಯ ಕಿಟಕಿಗಳೇ ಇಲ್ಲಿ ನೋಡಬೇಕಾದದ್ದು. ಕಲ್ಲಿನ ಹಲಗೆಯಲ್ಲಿ ಅರಬಿ ಅಕ್ಷರಗಳನ್ನು ಉಳಿಸಿ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ, ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ. ಒಳಗೆ ನಿಂತು ಹೊರಗಿನ ಬೆಳಕಿಗೆ ಮುಖ ಮಾಡಿ ನೋಡಿ. ಮೇಲಿನ ಛಾವಣಿ 40 ಅಡಿ ಚೌಕ, ಸಪಾಟು, ನಡುವೆ ಆಸರೆ ಕಾಣುವುದಿಲ್ಲ. ಮಸೀದಿಯ ಚಾಚಿನ ಕೆಳಗೆ ಒಂದೇ ಕಲ್ಲಿನಿಂದ ಕಡೆದ ಸರಪಳಿ ತೂಗುತ್ತದೆ. ಸುತ್ತಾಡಿದ ಮೇಲೆ ಜಗತಿಯ ಮೇಲೆ ಕೂತುಬಿಡಿ. ಬಿಸಿಲು ಮಸೀದಿಯ ಬೆನ್ನ ಹಿಂದಿನಿಂದ ಬಂದು ಗೋರಿಯ ಪಡುವಣ ಗೋಡೆಗೆ ಬೀಳುವಾಗ ಕಪ್ಪು ಕಲ್ಲು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಕಾವಲುಗಾರ ಸೀಟಿ ಊದುವತನಕ ನಾವು ಅಲ್ಲೇ ಇದ್ದೆವು.

ಎರಡನೇ ದಿನ ಇದ್ದರೆ

ಹತ್ತು ಗಂಟೆಯ ನಂತರ ಗೋಲಗುಂಬಜದ ವಸ್ತುಸಂಗ್ರಹಾಲಯ ನೋಡಿ: ಕನ್ನಡ, ಫಾರ್ಸಿ, ಅರಬಿ ಶಾಸನಗಳು, ಶಿಲ್ಪಗಳು, ಚೀನದ ಪಿಂಗಾಣಿ, ಹಳೇ ರತ್ನಗಂಬಳಿಗಳು. ವಚನ ಓದುವವರು ಬಿ.ಎಲ್.ಡಿ.ಇ. ಸಂಸ್ಥೆಯ ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರಕ್ಕೆ ಹೋಗಬೇಕು. ಹಳಕಟ್ಟಿಯವರು (1880–1964) ವಕೀಲರಾಗಿ ಈ ಊರಿಗೆ ಬಂದು, ಮನೆಮನೆಯ ತಾಳೆಗರಿ ಹುಡುಕಿ, ಹಿತಚಿಂತಕ ಮುದ್ರಣಾಲಯ ತೆರೆದು ವಚನಗಳನ್ನು ಅಚ್ಚು ಹಾಕಿದರು. ಇಂದು ನಾವು ಬಾಯಲ್ಲಿ ಆಡುವ ಎಷ್ಟೋ ವಚನಗಳು ಈ ಊರಿನ ಅಚ್ಚುಮೊಳೆಗಳಿಂದ ಹೊರಬಂದವು.

ಮಧ್ಯಾಹ್ನದ ಮೇಲೆ ಊರ ಪಡುವಲಕ್ಕೆ ಐದಾರು ಕಿಲೋಮೀಟರ್, ತೊರವಿ. ಅಲ್ಲಿ ನೆಲದಡಿಯ ನರಸಿಂಹನ ಗುಡಿಗೆ ಕೈಮುಗಿದು, ಸುರಂಗ ಬಾವಡಿಯ ಕಡೆ ಯಾರಾದರೂ ಊರವರನ್ನು ಜೊತೆಗೆ ಕರೆದುಕೊಂಡು ಹೋಗಿ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಕಾಳಜಿ ಬೇಕಾದ ಜಗತ್ತಿನ ತಾಣಗಳ 2020ರ ಪಟ್ಟಿಗೆ ಇದನ್ನು ಸೇರಿಸಿತು. ಒಳಗೆ ಇಳಿಯಬೇಡಿ, ದಂಡೆಯಿಂದ ನೋಡಿದರೆ ಸಾಕು. ನಾವು ಅಲ್ಲಿ ನಿಂತಿದ್ದಾಗ ಸೋದರತ್ತೆಯ ಮಗನ ಸಣ್ಣ ಮಗಳು ಬಾವಿಯ ಕತ್ತಲೆಯನ್ನು ಬಹಳ ಹೊತ್ತು ದಿಟ್ಟಿಸಿ, "ಮಾವ, ನೀರು ಇಲ್ಲಿಂದ ಆ ಏಳಂತಸ್ತಿನ ಮನೆತನಕ ನಡ್ಕೊಂಡೇ ಹೋಗ್ತಿತ್ತಾ?" ಎಂದು ಕೇಳಿದಳು. ಹೌದು ಅಂದೆ. ಊರಿನ ಕಡೆ ಇಳಿಜಾರು ಎಲ್ಲಿದೆ ತೋರಿಸು ಅಂದಳು. ಅವಳ ಅಪ್ಪನೇ ಕೈಹಿಡಿದು, ದೂರದಲ್ಲಿ ಸಣ್ಣದಾಗಿ ಕಾಣುತ್ತಿದ್ದ ಗುಂಬಜದ ಕಡೆಗೆ ತಿರುಗಿಸಿ ತೋರಿಸಿದ.